ಹುಳುಮನೆಯ ಜ್ವರ

ರೇಷ್ಮೆ ಹುಳು ತನ್ನ ಇಪ್ಪತ್ತೈದು ದಿನಗಳ ಆಯುಸ್ಸಿನಲ್ಲಿ ನಾಲ್ಕು ಬಾರಿ ಮಲಗುತ್ತದೆ. ಮೇಯುವುದನ್ನು ನಿಲ್ಲಿಸಿ, ತಲೆಯನ್ನು ಮೇಲಕ್ಕೆತ್ತಿ, ಸುಮಾರು ಒಂದು ದಿನ ಅಲ್ಲಾಡದೆ ಕುಳಿತು, ಹಳೆಯ ಚರ್ಮವನ್ನು ಕಳಚಿ ಏಳುತ್ತದೆ. ಹುಳು ಸಾಕುವವರು ಇದನ್ನು ನಿದ್ರೆ ಎನ್ನುವುದಿಲ್ಲ, ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಜ್ವರಕ್ಕೆ ಕುಳಿತ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕಬಾರದು. ಎಲ್ಲವೂ ಏಳುವ ಮೊದಲೇ ಹಾಕಿದರೆ ಎದ್ದವು ತಿಂದು ಮುಂದೆ ಹೋಗುತ್ತವೆ, ಏಳದವು ಸೊಪ್ಪಿನಡಿ ಸಿಕ್ಕಿ ಹಾಳಾಗುತ್ತವೆ. ತಡಮಾಡಿದರೆ ಹಸಿವಿನಿಂದ ಸೊರಗುತ್ತವೆ. ನಡುವಿನ ಆ ಸರಿಯಾದ ಗಳಿಗೆಯನ್ನು ಗುರುತಿಸುವ ಕಣ್ಣು ಎಲ್ಲರಿಗೂ ಇರುವುದಿಲ್ಲ.

ಸಂತೆಬಾಚಹಳ್ಳಿಗೆ ಎರಡು ಮೈಲಿ ದೂರದ ಆ ಊರಿನಲ್ಲಿ ಅಂಥ ಕಣ್ಣು ಇದ್ದುದು ದೊಡ್ಡತಾಯಮ್ಮನಿಗೆ. ಅರವತ್ತೇಳು ವರ್ಷದ ಆಕೆ ಮೂವತ್ತೈದು ವರ್ಷ ಹುಳು ಸಾಕಿದವಳು. ಬೀದಿಯ ಯಾವ ಮನೆಯಲ್ಲಿ ಹುಳು ಜ್ವರಕ್ಕೆ ಕುಳಿತರೂ ಸೊಪ್ಪಿನ ಕುಕ್ಕೆಯನ್ನು ಬಾಗಿಲಲ್ಲಿಟ್ಟು, "ದೊಡ್ಡವ್ವ ಬಂದು ನೋಡ್ಲಿ" ಎಂದು ಕಾಯುವುದು ರೂಢಿಯಾಗಿತ್ತು. ಆಕೆ ಹುಳು ಸಾಕುವ ಬಿದಿರಿನ ತಟ್ಟೆಯ ಮೇಲೆ ಬಗ್ಗಿ, ಹುಳುಗಳ ಮೂತಿಯನ್ನಷ್ಟೇ ನೋಡಿ, "ಇನ್ನೂ ಒಸಿ ತಡೀರಿ" ಎಂದೋ "ಹಾಕ್ರವ್ವ" ಎಂದೋ ಹೇಳಿ ಹೊರಟುಬಿಡುತ್ತಿದ್ದಳು. ಊರಿನಲ್ಲಿ ಆಕೆಗಿದ್ದ ಮರ್ಯಾದೆಯೆಲ್ಲ ಆ ಎರಡು ಮಾತುಗಳಲ್ಲಿತ್ತು.

ತೊಂಬತ್ತನಾಲ್ಕನೇ ಇಸವಿಯ ಶ್ರಾವಣದಲ್ಲಿ ಆಕೆಯೇ ತಪ್ಪಿದಳು. ಅಂದು ಬೆಳಿಗ್ಗೆ ಮಗ ಶಿವಶಂಕರ ಹುಳುಮನೆಯ ಬಾಗಿಲು ತೆಗೆದಾಗ, ಎರಡನೇ ಜ್ವರಕ್ಕೆ ಕುಳಿತಿದ್ದ ಹುಳುಗಳ ಮೇಲೆ ಹನ್ನೆರಡು ತಟ್ಟೆಗಳಲ್ಲಿ ಹಸಿ ಸೊಪ್ಪು ಹರಡಿತ್ತು. ದೊಡ್ಡತಾಯಮ್ಮ ಹದಿಮೂರನೆಯ ತಟ್ಟೆಯ ಮುಂದೆ, ಕೈಯಲ್ಲಿ ಸೊಪ್ಪು ಹಿಡಿದು, ಏಕೆ ಹಿಡಿದಿದ್ದೇನೆಂಬುದು ತಿಳಿಯದವಳಂತೆ ನಿಂತಿದ್ದಳು.

"ಯವ್ವಾ! ಏನ್ ಮಾಡ್ಬುಟ್ಟೆ? ಜರಕ್ಕೆ ಕುಂತವ್ಕೆ ಸೊಪ್ಪು ಹಾಕಿದ್ದೀಯಲ್ಲ!"

"ಎದ್ದಿದ್ವು ಕಣ್ಲಾ," ಎಂದಳು ಆಕೆ. ಆಮೇಲೆ ಬಗ್ಗಿ ನೋಡಿ, ಸಣ್ಣ ದನಿಯಲ್ಲಿ, "ಎದ್ದಿದ್ವು ಅಂದ್ಕೊಂಡೆ."

ಒಂದೊಂದೇ ಎಲೆಯನ್ನು ಎತ್ತಿ ತೆಗೆಯುವುದರಲ್ಲಿ ಸೊಸೆ ಪ್ರಮೀಳಾಳ ಬೆಳಗು ಕಳೆಯಿತು.

ಅದಾದ ಮೇಲೆ ತಪ್ಪುಗಳು ಕಾಣತೊಡಗಿದವು. ಅಥವಾ ಎಲ್ಲರೂ ನೋಡತೊಡಗಿದರು. ಹಾಲು ಕಾಯಿಸಲು ಇಟ್ಟು ಮರೆತಳು. ತೀರಿಹೋಗಿ ಆರು ವರ್ಷವಾಗಿದ್ದ ಗಂಡನಿಗೆ ತಟ್ಟೆಯಲ್ಲಿ ಮುದ್ದೆ ಎತ್ತಿಟ್ಟಳು. ರಾತ್ರಿ ಕಣ್ಣು ಮುಚ್ಚದೆ ಹಗಲು ಕಂಬಕ್ಕೊರಗಿ ತೂಗಿದಳು. ಪಕ್ಕದ ಮನೆಯ ಕೆಂಪಣ್ಣ ಜಗಲಿಯ ಮೇಲೆ ಕುಳಿತು ತೀರ್ಪು ಕೊಟ್ಟ:

"ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಮ್ಮವ್ವಂಗೆ ಏಳು ವರ್ಷ ತಡವಾಗಿ ಬಂದದೆ, ಪುಣ್ಯ ಅನ್ಕೊ."

"ನಿಂಗೆ ಐವತ್ತಕ್ಕೇ ಬಂದಿತ್ತಲ್ಲ ಕೆಂಪಣ್ಣ," ಎಂದ ಶಿವಶಂಕರ.

"ನಂಗೆ ಹುಟ್ಟುತ್ತಲೇ ಬಂದಿತ್ತು ಕಣ್ಲಾ. ಅದ್ಕೇ ಯಾರ್ಗೂ ಗೊತ್ತಾಗ್ಲಿಲ್ಲ." ನಕ್ಕು ಮುಗಿಸಿ ಕೆಂಪಣ್ಣ ಗಂಭೀರನಾದ. "ನಿದ್ದೆ ಬಂದ್ರೆ ಬುದ್ಧಿ ನೆಟ್ಟಗಾಯ್ತದೆ. ದಿನಾ ಒಂದು ಲೋಟ ಗಸಗಸೆ ಪಾಯಸ ಕುಡ್ಸಿ. ಬೀಗರೂಟದಾಗೆ ಅದ ಕುಡ್ದು ಎಷ್ಟು ಜನ ಚಾಪೆ ಹಿಡ್ದವ್ರೆ, ನೋಡಿಲ್ವಾ?"

ಪ್ರಮೀಳಾ ಪಾಯಸ ಮಾಡಿದಳು. ಒಂದು ಲೋಟ ಎರಡಾಯಿತು. ದೊಡ್ಡತಾಯಮ್ಮ ಮಲಗಿದಳು ನಿಜ. ಆದರೆ ಮಧ್ಯಾಹ್ನಕ್ಕೆ ಎದ್ದು ಕುಳಿತಾಗ ಅವಳ ಕಣ್ಣುಗಳಲ್ಲಿ ಹೊತ್ತು, ಊರು, ಮನೆ ಯಾವುದೂ ಇರುತ್ತಿರಲಿಲ್ಲ. ಎಡಗೆನ್ನೆಯಲ್ಲಿ ಎಲೆಅಡಿಕೆಯ ಉಂಡೆಯನ್ನು ಒತ್ತಿಕೊಂಡು, ಗೋಡೆಯನ್ನು ನೋಡುತ್ತ, "ಜರ ಬಂದೈತೆ" ಎನ್ನುವಳು.

"ಇನ್ನೂ ಬಂದಿಲ್ಲ ಅತ್ತೆ. ಮೂರನೇದು ನಾಳೆಗೆ ಕೂರ್ತವೆ," ಎಂದು ಪ್ರಮೀಳಾ ಸಮಾಧಾನ ಹೇಳುವಳು.

"ಬಂದೈತೆ ಕಣವ್ವ."

"ಆಯ್ತು ಬುಡಿ, ಬಂದೈತೆ."

ಮೂರನೇ ಜ್ವರ ಎದ್ದ ಮಾರನೆಯ ದಿನ ಒಂದು ತಟ್ಟೆಯ ಹುಳುಗಳೆಲ್ಲ ತಲೆ ಒದರುತ್ತ, ಹಸಿರು ನೀರನ್ನು ಕಕ್ಕಿ, ಮಧ್ಯಾಹ್ನದೊಳಗೆ ಸತ್ತವು. ವಿಷ ತಗುಲಿದ ಗುರುತು ಅದು. ಆ ತಟ್ಟೆಗೆ ಬೆಳಿಗ್ಗೆ ಸೊಪ್ಪು ಹಾಕಿದವಳು ದೊಡ್ಡತಾಯಮ್ಮ. ಔಷಧಿ ಹೊಡೆದ ಯಾರದೋ ಬದುವಿನಿಂದ ಕಿತ್ತು ತಂದಿರಬೇಕೆಂದು ಶಿವಶಂಕರ ನಿಶ್ಚಯಿಸಿದ. ಕೂಗಾಡಲಿಲ್ಲ. ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಮಗುವಿಗೆ ಹೇಳುವಂತೆ ಹೇಳಿದ:

"ಯವ್ವ, ಇನ್ಮೇಲೆ ನೀನು ಹುಳುಮನೆ ಒಳೀಕೆ ಕಾಲಿಡ್ಬೇಡ. ಈ ಬೆಳೆ ಗೂಡಾದ ಮೇಲೆ ಬಿಂಡಿಗನವಿಲೆಗೆ, ಅಕ್ಕನ ಮನೇಗೆ ಬುಟ್ಟು ಬತ್ತೀನಿ. ಅಲ್ಲಿ ಕುರಿ ಅವೆ, ಹುಳ ಇಲ್ಲ. ಆರಾಮಾಗಿರು."

ದೊಡ್ಡತಾಯಮ್ಮ ಮಗನ ಮುಖ ನೋಡಲಿಲ್ಲ. ಸತ್ತ ಹುಳುಗಳ ತಟ್ಟೆಯನ್ನು ತಿಪ್ಪೆಗೆ ಒಯ್ಯುತ್ತಿದ್ದ ಸೊಸೆಯನ್ನು ನೋಡುತ್ತ ಕುಳಿತಿದ್ದಳು. ಅಂದಿನಿಂದ ಅವಳು ಹುಳುಮನೆಯ ಹೊಸಿಲಿನ ಹೊರಗೆ ಕುಳಿತಳು. ಮಳೆ ಹನಿಯುವ ಹಾಗೆ ಹುಳುಗಳು ಸರಸರ ಸೊಪ್ಪು ಮೇಯುವ ಸದ್ದು ಅಲ್ಲಿಗೆ ಕೇಳುತ್ತಿತ್ತು. ಬೀದಿಯ ಹೆಂಗಸರು ಈಗ ತಮ್ಮ ತಟ್ಟೆಗಳನ್ನು ತಾವೇ ನೋಡಿಕೊಂಡರು. ಅವಳನ್ನು ದಾಟುವಾಗ ಮಾತ್ರ ದನಿ ತಗ್ಗಿಸಿದರು.

ನಾಲ್ಕನೆಯ ಜ್ವರ ಕುಳಿತ ದಿನ ಶಿವಶಂಕರ ಚಂದ್ರಿಕೆಗಳನ್ನು, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ಹಂದರಗಳನ್ನು ತರಲು ಹೊಸಹೊಳಲಿಗೆ ಹೋಗಿದ್ದ. ಪ್ರಮೀಳಾ ತಟ್ಟೆಗಳಿಗೆ ಸುಣ್ಣದ ಪುಡಿ ಎರಚಿ ಹೊರಗೆ ಬಂದಳು.

"ಜರ ಬಂದೈತೆ," ಎಂದಳು ಅತ್ತೆ.

"ಹೂಂ ಅತ್ತೆ, ಇವತ್ತು ದಿಟವಾಗ್ಲೂ ಬಂದದೆ. ನಾಕನೇದು."

"ಬುಡ್ತಾನೇ ಇಲ್ಲ ಕಣವ್ವ. ಹನ್ನೊಂದು ದಿನ ಆಯ್ತು."

ಪ್ರಮೀಳಾ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದವಳು ನಿಂತಳು. ಯಾವ ಹುಳುವಿಗೂ ಹನ್ನೊಂದು ದಿನ ಜ್ವರವಿರುವುದಿಲ್ಲ. ಬುದ್ಧಿ ಕೆಟ್ಟವರ ಲೆಕ್ಕವೆಂದು ಒಳಗೆ ಹೋಗಬಹುದಿತ್ತು. ಆದರೆ ಈ ಮನೆಗೆ ಬಂದ ಒಂಬತ್ತು ವರ್ಷದಲ್ಲಿ ಅತ್ತೆ ಎಣಿಕೆ ತಪ್ಪಿದ್ದನ್ನು ಆಕೆ ಕಂಡಿರಲಿಲ್ಲ. "ಎದ್ದೇಳಿ, ಬಂದು ಒಂದ್ಸಲ ನೋಡ್ಬುಡಿ, ಅವ್ರೂ ಇಲ್ಲ," ಎಂದು ಕೈ ಹಿಡಿದೆತ್ತಿದಳು. ಆ ಕೈ ಒಲೆಯ ಮೇಲಿಂದ ಇಳಿಸಿದ ಪಾತ್ರೆಯಂತೆ ಸುಡುತ್ತಿತ್ತು.

"ಅಯ್ಯೋ! ಅತ್ತೆ, ಜರ ಬಂದಿರಾದು ನಿಮ್ಗಾ?"

"ಅದನ್ನೇ ಅಲ್ವವ್ವ ನಾನು ಬಡ್ಕತಾ ಇರಾದು," ಎಂದಳು ದೊಡ್ಡತಾಯಮ್ಮ. ಆ ಒಂದು ಮಾತಿನಲ್ಲಿ ಹಳೆಯ ಗತ್ತು ಪೂರ್ತಿಯಾಗಿತ್ತು.

ಪ್ರಮೀಳಾ ಅತ್ತೆಯ ಮುಖವನ್ನು ಬೆಳಕಿಗೆ ತಿರುಗಿಸಿದಳು. ಎಡಗೆನ್ನೆ ಉಬ್ಬಿತ್ತು. ಆ ಉಬ್ಬು ಹೊಸದಲ್ಲ. ಮೂರು ಹೊತ್ತೂ ಎಲೆಅಡಿಕೆ ತುಂಬಿರುವ ಕೆನ್ನೆಯಲ್ಲಿ ಉಬ್ಬನ್ನು ಯಾರು ಗಮನಿಸುತ್ತಾರೆ? "ಉಗೀರಿ," ಎಂದಳು. ಉಗಿದ ಮೇಲೂ ಉಬ್ಬು ಇಳಿಯಲಿಲ್ಲ. ಬಾಯಿ ತೆರೆಸಿದಾಗ ಕೊಳೆತ ವಾಸನೆಯ ಜೊತೆಗೆ ಇನ್ನೊಂದು ವಾಸನೆ ಬಂದಿತು. ಕೊನೆಯ ದವಡೆಹಲ್ಲಿನ ಸುತ್ತ ವಸಡು ಬಾತು ಕೀವು ತುಂಬಿತ್ತು. ಆ ಸಂದಿಯಲ್ಲಿ ಹೊಗೆಸೊಪ್ಪಿನ ಚೂರು.

ಪ್ರಮೀಳಾ ಕೈ ಹಿಂದಕ್ಕೆ ತೆಗೆದಳು. ಹೊಗೆಸೊಪ್ಪು ಹುಳುವಿಗೆ ವಿಷ. ಅದನ್ನು ಮುಟ್ಟಿದ ಕೈಯಲ್ಲಿ ಸೊಪ್ಪು ಮುಟ್ಟಬಾರದೆಂದು ಈ ಮನೆಗೆ ಬಂದ ಮೊದಲ ವಾರವೇ ತನಗೆ ಕಲಿಸಿದವಳು ಇದೇ ಅತ್ತೆ.

"ನೋವು ತಡೀನಾರ್ದೆ ಮಡಿಕ್ಕಂಡೆ ಕಣವ್ವ," ಎಂದು ದೊಡ್ಡತಾಯಮ್ಮ ಸೊಸೆಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. "ಹೊಗೆಸೊಪ್ಪು ಇಟ್ರೆ ಒಂದು ಗಳಿಗೆ ಕಣ್ಣು ಮುಚ್ತಿತ್ತು. ಕೈ ತೊಳ್ಕಂಡೇ ಹೋಗ್ತಿದ್ದೆ. ಆವತ್ತು ತೊಳುದ್ನೋ ಇಲ್ವೋ ಗ್ಯಾನ ಇಲ್ಲ. ಅವ ಕೊಂದೋಳು ನಾನೇ. ಸಿವಸಂಕ್ರಂಗೆ ಹೇಳ್ಬೇಡ. ಅರಳು ಮರಳು ಅಂತಲೇ ಅನ್ಕಳ್ಳಿ. ಹುಳುಮನೇಲಿ ಹೊಗೆಸೊಪ್ಪು ಇಟ್ಕಂಡೋಳು ಅಂತ ಊರಾಗೆ ಆಗ್ಬಾರ್ದು."

ಮುದುಕಿ ಎರಡು ಅಪವಾದಗಳನ್ನು ತೂಗಿ ನೋಡಿ, ಬುದ್ಧಿಗೆಟ್ಟವಳೆಂಬುದನ್ನೇ ಆರಿಸಿಕೊಂಡಿದ್ದಳು. ಆದರೆ ಆ ನಡುವೆ ಬುದ್ಧಿ ನಿಜವಾಗಿಯೂ ಜಾರತೊಡಗಿತ್ತು.

ಶಿವಶಂಕರ ಚಂದ್ರಿಕೆಗಳೊಡನೆ ಬಂದಾಗ ಪ್ರಮೀಳಾ ಸೀರೆ ಬದಲಿಸಿ ನಿಂತಿದ್ದಳು. ಎಲ್ಲವನ್ನೂ ಹೇಳಿದಳು, ಹೊಗೆಸೊಪ್ಪನ್ನೂ ಹೇಳಿದಳು. ಹೇಳದಿದ್ದರೆ ಅವನು, "ಮುಂದ್ಲು ವಾರ ನೋಡನ ಬುಡು" ಎನ್ನುತ್ತಾನೆಂಬುದು ಅವಳಿಗೆ ಗೊತ್ತಿತ್ತು. ಅವನು ಚಂದ್ರಿಕೆಗಳನ್ನು ಅಲ್ಲೇ ಇಳಿಸಿ ತಾಯಿಯನ್ನು ಎತ್ತಿಕೊಂಡು ಬಸ್ಸಿನ ಕಡೆ ನಡೆದ.

ಕೃಷ್ಣರಾಜಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು ಕೀವು ತೆಗೆದು, ಸೂಜಿ ಚುಚ್ಚಿ, ಎರಡು ದಿನ ಬಿಟ್ಟು ಹಲ್ಲನ್ನೂ ಕಿತ್ತರು. ಎಷ್ಟು ದಿನದಿಂದ ಜ್ವರ ಎಂದು ಅವರು ಕೇಳಿದಾಗ ಶಿವಶಂಕರ, "ಎರಡನೇ ಜರದಲ್ಲೇ ಸುರುವಾಗಿತ್ತು ಅಂತ ಕಾಣ್ತದೆ ಸಾ" ಎಂದ.

"ಎರಡು ಸಲ ಬಂದು ಹೋಯ್ತಾ?"

"ಅಲ್ಲ ಸಾ, ಅದು ಹುಳೀನ ಜರ," ಎಂದು ಹೇಳಹೊರಟು ನಿಂತುಬಿಟ್ಟ. ತಾಯಿ ದಿನವೂ ಹೇಳಿದ ಮಾತು ತನ್ನ ಬಾಯಿಯಿಂದಲೇ ಹೊರಬಿದ್ದಾಗ ಅದು ಹೇಗೆ ಕೇಳುತ್ತದೆಂದು ಅವನಿಗೆ ಆಗ ತಿಳಿಯಿತು.

ಡಾಕ್ಟರು ನಗಲಿಲ್ಲ. ಪ್ರಮೀಳಾಳಿಂದ ಪಾಯಸದ ವಿಷಯವನ್ನೂ ಕೇಳಿ ಹೇಳಿದರು: "ಕೀವು ಒಳಗೇ ಉಳಿದ್ರೆ ಮೈಯೆಲ್ಲ ಉರಿ ಏರುತ್ತೆ. ಆ ಉರಿ ನಿದ್ದೆ ಕೆಡಿಸುತ್ತೆ, ನಿದ್ದೆಗೆಟ್ಟ ಮೈಗೆ ಉರಿ ತಡೆಯೋ ಶಕ್ತಿ ಇರೋದಿಲ್ಲ. ವಯಸ್ಸಾದವರಲ್ಲಿ ಎರಡೂ ಸೇರಿದ್ರೆ ಮೊದಲು ಮಂಕಾಗೋದು ಬುದ್ಧಿ. ಪಾಯಸ ನಿಲ್ಲಿಸಿ, ಮಂಪರು ನಿದ್ದೆ ಅಲ್ಲ. ಇವರು ಮೊದಲು ರಾತ್ರಿ ಚೆನ್ನಾಗಿ ಮಲಗ್ತಿದ್ರಾ?"

ಶಿವಶಂಕರ ಹೆಂಡತಿಯ ಮುಖ ನೋಡಿದ. ಕೊನೆಯ ಜ್ವರ ಎದ್ದ ಮೇಲೆ ಏಳೆಂಟು ದಿನ ಹುಳು ಹಗಲಿರುಳೆನ್ನದೆ ಮೇಯುತ್ತದೆ. ರಾತ್ರಿ ಎರಡು ಬಾರಿ ಎದ್ದು ಸೊಪ್ಪು ಹಾಕಬೇಕು. ವರ್ಷಕ್ಕೆ ಐದು ಬೆಳೆ.

"ಅತ್ತೆಮ್ಮನೇ ಎದ್ದು ಹಾಕ್ತಿದ್ರು ಸಾ," ಎಂದಳು ಪ್ರಮೀಳಾ. "ನಾನು ಬಂದಾಗ್ಲಿಂದ ಒಂದು ದಿನಾನೂ ನಮ್ಮನ್ನ ಕರ್ದಿಲ್ಲ. ಅವ್ರು ಏಳ್ತಾರೆ ಅಂತ ಮಾತ್ರ ನಮ್ಗೆ ಗೊತ್ತಿತ್ತು. ನಿದ್ದೆ ಕೆಡ್ತಾರೆ ಅಂತ ಅನ್ನುಸ್ಲೇ ಇಲ್ಲ."

"ಹಲ್ಲಿನದು ವಾಸಿಯಾಗುತ್ತೆ. ಬುದ್ಧಿ ಎಷ್ಟು ವಾಪಸ್ ಬರುತ್ತೆ, ನಾನು ಹೇಳಲಾರೆ," ಎಂದರು ಡಾಕ್ಟರು.

ಒಂದಿಷ್ಟು ಬಂದಿತು. ಹಾಲು ಉಕ್ಕುವುದು ನಿಂತಿತು. ಗಂಡನಿಗೆ ಮುದ್ದೆ ಎತ್ತಿಡುವುದೂ ನಿಂತಿತು, ಅವನು ಸತ್ತಿದ್ದು ನೆನಪಾಗಿ ಒಂದು ದಿನ ಹೊಸದಾಗಿ ಅತ್ತಳು. ಬಿಂಡಿಗನವಿಲೆಯ ಮಾತನ್ನು ಶಿವಶಂಕರ ಮತ್ತೆ ಎತ್ತಲಿಲ್ಲ. ಹೊಸ ಬೆಳೆಗೆ ಮೊಟ್ಟೆ ತಂದಾಗ ತಾನೇ ತಾಯಿಯ ಬಳಿಗೆ ಹೋಗಿ, "ಬಾ ಯವ್ವ, ನೀನೇ ನೋಡು. ರಾತ್ರಿ ಸೊಪ್ಪಿಗೆ ನಾನು ಏಳ್ತೀನಿ" ಎಂದ.

"ನೀನಾ? ಮನೆಗೆ ಬೆಂಕಿ ಬಿದ್ರೂ ಮಗ್ಗಲು ಬದ್ಲಾಯ್ಸೋನು," ಎಂದಳು ದೊಡ್ಡತಾಯಮ್ಮ. ಮೂವರೂ ನಕ್ಕರು. ಅವನು ಎದ್ದದ್ದೂ ನಿಜ.

ಆ ಬೆಳೆಯ ಎರಡನೆಯ ಜ್ವರ ಏಳುವ ಬೆಳಿಗ್ಗೆ ಅತ್ತೆ ಸೊಸೆಯರಿಬ್ಬರೂ ಕೈ ತೊಳೆದು ಹುಳುಮನೆಗೆ ಹೋದರು. ಸೊಪ್ಪಿನ ಕುಕ್ಕೆ ಸಿದ್ಧವಾಗಿತ್ತು. ದೊಡ್ಡತಾಯಮ್ಮ ಮೊದಲ ತಟ್ಟೆಯ ಮೇಲೆ ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು. ಪ್ರಮೀಳಾ ಕಾದಳು, ಈ ಒಂದು ಮಾತಿಗಾಗಿ ಅವಳು ಯಾವಾಗಲೂ ಕಾದೇ ಇದ್ದವಳು, ತಾನಾಗಿ ನೋಡಿದವಳಲ್ಲ.

"ಎದ್ದವ್ವಾ ಅತ್ತೆ?"

ಅತ್ತೆ ಎರಡನೆಯ ತಟ್ಟೆಗೆ ಸರಿದು ಮತ್ತೆ ಮೊದಲನೆಯದಕ್ಕೆ ಬಂದಳು. ಆಮೇಲೆ ಸೊಸೆಯ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

"ನೀನು ಬಗ್ಗು. ಮೂತಿ ನೋಡು, ಮೈ ನೋಡ್ಬೇಡ. ಮಲಗಿರೋ ಹುಳೀನ ಮೂತಿ ಸಣ್ಣಕೆ ಕರ್ರಗೆ ಇರ್ತದೆ. ಎದ್ದಿದ್ರೆ ತಲೆ ದಪ್ಪ, ಮೂತಿ ಕಂದು, ಮೈ ತೊಗಲು ಸಡಲ. ಉಫ್ ಅಂತ ಊದು. ತಲೆ ಆಡಿಸ್ಬೇಕು. ಹತ್ತರಾಗೆ ಒಂಬತ್ತು ಆಡಿಸೋಗಂಟ ತಡೀಬೇಕು. ನಂಗೆ ಗ್ಯಾನ ಇರೋ ವೊತ್ನಲ್ಲೇ ಕಲ್ತ್ಕೊ."

ಪ್ರಮೀಳಾ ಊದಿದಳು. ಕೆಲವು ಆಡಿಸಿದವು, ಕೆಲವು ಕಲ್ಲಿನಂತೆ ಕುಳಿತಿದ್ದವು. ಎಣಿಸಿದಳು. ತಾನೇ ಹೇಳಬೇಕಾದ ಭಯದಲ್ಲಿ ಮತ್ತೊಮ್ಮೆ ಎಣಿಸಿದಳು. "ಇನ್ನೂ ಇಲ್ಲ ಅತ್ತೆ," ಎಂದಳು. "ಮಧ್ಯಾಹ್ನ ಆಗ್ಬೇಕು."

ದೊಡ್ಡತಾಯಮ್ಮ ಸೊಸೆಯನ್ನು ನೋಡಿದಳು. ಮೆಚ್ಚಿಗೆಯೋ, ಅಳುಕೋ, ಹೇಳುವುದು ಕಷ್ಟ.

"ಮಧ್ಯಾಹ್ನವೇ ಹಾಕು," ಎಂದಳು. ಮತ್ತೆ ತಟ್ಟೆಯತ್ತ ತಿರುಗಿ ಕೇಳಿದಳು: "ಇದು ಎಷ್ಟನೇದವ್ವ?"

"ಎರಡನೇದು ಅತ್ತೆ."

"ಎರಡನೇದು." ಮನಸ್ಸಿನಲ್ಲಿ ಇಟ್ಟುಕೊಳ್ಳುವವಳಂತೆ ಅದನ್ನೇ ಹೇಳಿಕೊಂಡಳು. ಮತ್ತೆ ತೋಳು ಹಿಡಿದಳು. "ಬಗ್ಗಿಲ್ಲಿ. ಮೂತಿ ನೋಡು, ಮೈ ನೋಡ್ಬೇಡ."

ಪ್ರಮೀಳಾ ಸೊಪ್ಪಿನ ಕುಕ್ಕೆಯ ಮೇಲೆ ಒದ್ದೆ ಬಟ್ಟೆ ಹೊದಿಸಿ, ಅತ್ತೆಯ ಪಕ್ಕದಲ್ಲಿ ಬಗ್ಗಿದಳು.