ಪಾಲಮ್ಮನ ಒಣ ಮಸಿ

ತಾಯಿಯ ಹೆಣದ ಬಲಗೈ ಪಕ್ಕ ಓಬಳೇಶ ಇಟ್ಟ ತಾಮ್ರದ ತಟ್ಟೆಯನ್ನು ಅವನ ಹೆಂಡತಿ ಮಂಜಮ್ಮ ಎತ್ತಿಕೊಂಡುಬಿಟ್ಟಳು. ತಟ್ಟೆಯ ತುಂಬ ಹರಳೆಣ್ಣೆ ದೀಪದ ಮಸಿ. ಇನ್ನೂ ತೆಗೆದಿರಲಿಲ್ಲ.

"ಏನೇ ಇದು? ಅವ್ವನ ಜತಿಗೆ ಹೋಗ್ಬೇಕಾದ್ದು!"

ಸತ್ತವರು ದಿನಾ ಕೈಯಾಡಿಸಿದ ಒಂದು ಸಾಮಾನನ್ನು ಗುಂಡಿಯಲ್ಲಿ ಜತೆಗಿಡುವುದು ಮೊಳಕಾಲ್ಮುರು ಕಡೆಯ ಆ ಊರಿನವರ ರೂಢಿ. ಪಾಲಮ್ಮನದು ಈ ತಟ್ಟೆ. ನಲವತ್ತು ವರ್ಷ ಊರಿನ ಕೂಸುಗಳ ಕಣ್ಣಿಗೆ ಕಪ್ಪು ಹೋದದ್ದು ಇದರಿಂದಲೇ.

ಮಂಜಮ್ಮ ಬಾಗಿಲ ಕಡೆ ನೋಡಿದಳು. ಚಳ್ಳಕೆರೆಯ ಪ್ರಯೋಗಾಲಯದಿಂದ ಬಂದ ರಶ್ಮಿತಾ ಕಂಬಕ್ಕೆ ಒರಗಿ ನಿಂತಿದ್ದಳು. ತಟ್ಟೆ ಕಂಡೊಡನೆ ಮುಖ ತಿರುಗಿಸಿದಳು. ಹೆಣದ ಮುಂದೆ ಬಾಯಿಬಿಟ್ಟು ಕೇಳುವ ಹುಡುಗಿಯಲ್ಲ ಅವಳು.

*

ಹಾಳೆಯಂತೆ ಬಳುಕುವ ಸಾವಯವ ಸೌರಕೋಶ ಮಾಡುವುದು ರಶ್ಮಿತಾಳ ಕೆಲಸ. ಅದರೊಳಗೆ ಮಸಿಯ ಅತಿ ಸಣ್ಣ ಕಣಗಳ ಪದರವಿದ್ದರೆ ಕರೆಂಟು ದಾರಿಯಲ್ಲಿ ಸೋರುವುದಿಲ್ಲ, ಅದೇ ಬಿಸಿಲಿಗೆ ಹೆಚ್ಚು ಸಿಗುತ್ತದೆ ಎಂದು ಎರಡು ವರ್ಷದ ಹಿಂದೆ ಬಂದು ವಿವರಿಸಿದ್ದಳು.

"ಬಿಸಿಲಿಗೂ ದೃಷ್ಟಿ ತಾಕ್ತೈತೇನೇ, ಕಪ್ಪು ಹಚ್ಚಾಕೆ?" ಎಂದು ಪಾಲಮ್ಮ ನಕ್ಕಿದ್ದಳು.

ಅವಳು ಕೊಟ್ಟ ಮಸಿಯಲ್ಲಿ ಮೂರು ತಿಂಗಳು ಒಂದು ಕೋಶವೂ ನೆಟ್ಟಗೆ ನಡೆಯಲಿಲ್ಲ. ಕೊನೆಗೆ ಹುಡುಗಿ ಪಕ್ಕದಲ್ಲೇ ಕೂತು ನೋಡಿದಳು. ಮುದುಕಿ ಬೆರಳಿಗೆ ಎಣ್ಣೆ ಸವರಿಕೊಂಡು ತಟ್ಟೆಯ ಮಸಿ ಬಳಿದು ತೆಗೆಯುತ್ತಿದ್ದಳು.

"ಅಜ್ಜಿ, ಎಣ್ಣೆ ಬೇಡ ಅಂದಿದ್ನಲ್ಲ!"

"ಒಂದೇ ತೊಟ್ಟು ಕಣೇ ತಾಯಿ. ಒಣ ಮಸಿ ಕಣ್ಣಿಗೆ ಉರಿಯಲ್ವಾ?"

"ಇದು ಕಣ್ಣಿಗಲ್ಲ ಅಜ್ಜಿ."

"ಕಣ್ಣಿಗಲ್ಲದ್ದು ನಾನ್ಯಾವತ್ತು ಮಾಡೀನಿ?"

ಆಮೇಲೆ ಒಣ ಮಸಿಯನ್ನೇ ಕೊಟ್ಟಳು. ನೂರು ಪಾಲು ಬಿಸಿಲಿನಲ್ಲಿ ಹನ್ನೊಂದು ಪಾಲು ಕರೆಂಟಾಗುತ್ತಿದ್ದದ್ದು ಹನ್ನೆರಡೂವರೆಗೆ ಏರಿತು. ಆದರೆ ಅದೇ ಕೈಯ ಮಸಿಯಲ್ಲಿ ಇನ್ನೊಂದು ಸಲ ಹಾಗೇ ಬಂದರಷ್ಟೇ ಜನ ನಂಬುವುದು. ಇಲ್ಲದಿದ್ದರೆ ಹುಡುಗಿಯ ಎರಡು ವರ್ಷದ ದುಡಿಮೆ ನೀರಲ್ಲಿ ಹೋದಂತೆ. ಅದಕ್ಕೆಂದೇ ಪಾಲಮ್ಮ ಜ್ವರದಲ್ಲೂ ಮೊನ್ನೆ ಎದ್ದು ದೀಪ ಹಚ್ಚಿದ್ದಳು.

*

"ಖಾಲಿ ತಟ್ಟೆ ಕೊಟ್ಟು ಕಳಿಸ್ತೀಯೇನಮ್ಮೋ ಅತ್ತೇನ?" ಮಂಜಮ್ಮ ಮಸಿ ತೆಗೆಯಲು ಹೊರಟದ್ದು ಕಂಡು ಪಕ್ಕದ ಮನೆಯ ಕ್ಯಾತಮ್ಮ ರಾಗ ಎಳೆದಳು. "ಇದ್ದಾಗ ಜಗಳ, ಸತ್ತ ಮ್ಯಾಲೂ ಕಿತ್ಕಳಾದು."

"ಅತ್ತೆ ಮಾಡಿದ ಕಪ್ಪು ಯಾವತ್ತಾದ್ರೂ ಮನ್ಯಾಗೆ ಇಟ್ಕಂಡಿದ್ಲಾ ಕ್ಯಾತಕ್ಕ? ನಿನ್ನ ಎಂಟು ಮೊಮ್ಮಕ್ಕಳಿಗೂ ತಾನೇ ಬಂದು ಹಚ್ಚಿದ್ಲು. ಇದು ಈ ಹುಡುಗಿಗಂತ ಮಾಡಿದ್ದು."

ಕ್ಯಾತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಓಬಳೇಶ ತಾಯಿಯ ಮುಖ ನೋಡಿದ.

"ಬೇಗ ಮಾಡು. ಹೊತ್ತಾಗ್ತೈತೆ."

ಮಂಜಮ್ಮ ರಶ್ಮಿತಾಳನ್ನು ಕರೆದಳು. "ಬಾಟ್ಲಿ ತಂದೀಯೇನವ್ವ?"

"ಇಲ್ಲಕ್ಕ. ನಾನು ಅದಕ್ಕೆ ಬಂದಿಲ್ಲ."

"ಗೊತ್ತು ಸುಮ್ಕಿರು." ಮಂಜಮ್ಮ ಒಳಗಿಂದ ಒಣಗಿದ ಗಾಜಿನ ಸೀಸೆ ತಂದು, ಸೀರೆಗೆ ಬೆರಳು ಒರೆಸಿಕೊಂಡು, ಮಸಿಯನ್ನೆಲ್ಲ ಅದಕ್ಕೆ ಬಳಿದು ತುಂಬಿದಳು. ಆಮೇಲೆ ಹಿತ್ತಲಿಗೆ ಹೋಗಿ ಹುಣಿಸೆಹಣ್ಣು, ಬೂದಿ ಹಚ್ಚಿ ತಟ್ಟೆ ತಿಕ್ಕಲು ಕೂತಳು. ಹೆಗಲು ಕೊಡಲು ಬಂದವರು ಬೀಡಿ ಹಚ್ಚಿ ಕಾದರು. ಅರೆಬರೆ ಮಸಿ ಮೆತ್ತಿದ ತಟ್ಟೆ ಕೊಟ್ಟು ಯಾರನ್ನಾದರೂ ಕಳಿಸುವುದುಂಟೆ?

ಹೊಲದ ಗುಂಡಿ ಆಳವಾಗಿತ್ತು. ಪಾಲಮ್ಮನ ಮುಖ ನೆರಳಿನಲ್ಲಿತ್ತು. ಓಬಳೇಶ ತಟ್ಟೆ ಇಳಿಸಲು ಬಗ್ಗಿದ. ತಾಮ್ರಕ್ಕೆ ಮಧ್ಯಾಹ್ನದ ಬಿಸಿಲು ತಾಗಿ, ಕೆಂಪನೆಯ ಒಂದು ಬೆಳಕು ಗುಂಡಿಯೊಳಗೆ ಹಾರಿ ಅವಳ ಮುಚ್ಚಿದ ಕಣ್ಣಿನ ಮೇಲೆ ಕೂತಿತು.

ಅವನು ತಟ್ಟೆ ಅಲುಗದಂತೆ ಹಾಗೇ ಹಿಡಿದುಕೊಂಡ. ಬೊಗಸೆಯಲ್ಲಿ ಮಣ್ಣು ತುಂಬಿಕೊಂಡವರೂ ಕೈ ತಡೆದು ನಿಂತರು.