ತಗಡಿನ ಡಬ್ಬಿಯ ಅಂಗಿ

ಸುಗಂಧ ವಸ್ತುಸಂಗ್ರಹಾಲಯದ ಟಿಕೆಟ್ ಸಾಲಿನಲ್ಲಿ ನಿಂತಿದ್ದಾಗ ಅಕ್ಕ ಕೈಚೀಲದ ಬಾಯಿ ಅಗಲಿಸಿ ತೋರಿಸಿದಳು. ಒಳಗೆ ಭಾವನ ಅಂಗಿ ಇಟ್ಟಿದ್ದ ತಗಡಿನ ಡಬ್ಬಿ ಇತ್ತು.

"ಇದನ್ನ ಯಾಕೆ ತಂದೆ?"

"ಮತ್ತೆ? ರಜಾ ಹಾಕಿ ಸೆಂಟು ಮೂಸೋಕೆ ಬಂದೆ ಅಂದ್ಕೊಂಡ್ಯಾ? ಇಲ್ಲಿ ಮೇಲಿನ ಮಹಡೀಲಿ ಒಬ್ರು ಕೂತಿರ್ತಾರಂತೆ. ಏನು ಕೊಟ್ರೂ ಮೂಸಿ, ಅದರಲ್ಲಿ ಏನೇನಿದೆ ಅಂತ ಹೇಳಿ, ಅದೇ ವಾಸನೆ ಸಣ್ಣ ಸೀಸೇಲಿ ಮಾಡಿಕೊಡ್ತಾರಂತೆ. ನಮ್ಮಾಸ್ಪತ್ರೆ ನರ್ಸಮ್ಮ ಹೇಳಿದ್ರು. ಅಂಗಿ ವಾಸನೆ ಆರ್ತಾ ಬಂತು ಕಣೋ. ಪೂರ್ತಿ ಹೋಗೋಕೆ ಮುಂಚೆ ಪಟಾಕಿಗೆ ಅಂತ ಒಂದು ಸೀಸೆ ಇರ್ಲಿ."

ಪಟಾಕಿ ಅಂದರೆ ಅಕ್ಕನ ಮಗಳು, ಐದು ವರ್ಷದವಳು. ಭಾವ ತೀರಿಕೊಂಡಾಗ ಅವಳಿಗೆ ಹತ್ತು ತಿಂಗಳು. ಪ್ರತಿ ಭಾನುವಾರ ಅಕ್ಕ ಡಬ್ಬಿಯ ಮುಚ್ಚಳ ತೆಗೆದು, ತಾನು ಒಂದು ಉಸಿರು ಎಳೆದುಕೊಂಡು, ಮಗಳಿಗೆ ಒಂದು ಉಸಿರು ಕೊಟ್ಟು, ತಕ್ಷಣ ಮುಚ್ಚಿಬಿಡುತ್ತಾಳೆ. "ಅಪ್ಪ ಬಂದ್ರು, ಅಪ್ಪ ಹೋದ್ರು" ಎಂದು ಮಗು ಚಪ್ಪಾಳೆ ತಟ್ಟುತ್ತದೆ.

ಆ ವಾಸನೆ ಭಾವನದಲ್ಲ. ನಾನು ಮಾಡಿದ್ದು.

ಎರಡು ವರ್ಷದ ಹಿಂದಿನ ಮಾತು. ಹಗಲು ಕೊರಿಯರ್ ಗೋದಾಮಿನಲ್ಲಿ ಪಾರ್ಸೆಲ್‌ಗಳಿಗೆ ಚೀಟಿ ಅಂಟಿಸಿ, ಸಂಜೆ ಕಾಲೇಜಿಗೆ ಹೋಗಲು ಅನುಕೂಲವೆಂದು ನಾನು ಅಕ್ಕನ ಮನೆಗೆ ಬಂದು ಸೇರಿದ್ದೆ. ಬಿಟ್ಟಿ ಊಟ ಮಾಡುತ್ತಿದ್ದೇನೆ ಎಂಬ ಅಳುಕು ನನ್ನನ್ನು ಕುಳಿತಲ್ಲಿ ಕೂರಲು ಬಿಡುತ್ತಿರಲಿಲ್ಲ. ಅಕ್ಕನದು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ದಿನವಿಡೀ ಯಾರು ಯಾರದೋ ಹೊದಿಕೆ ಒಗೆಯುವವಳಿಗೆ ಒಂದು ದಿನವಾದರೂ ಬಿಡುವಿರಲಿ ಎಂದು, ಅವಳಿಲ್ಲದ ಹೊತ್ತು ನೋಡಿ ಮನೆಯ ಬಟ್ಟೆಯನ್ನೆಲ್ಲ ಬಾಚಿ ನೆನೆಹಾಕಿದೆ. ಹಾಸಿಗೆಯ ಮೇಲೆ ಬಿದ್ದಿದ್ದ ನೀಲಿ ಅಂಗಿಯೂ ಅದರಲ್ಲಿ ಸೇರಿತು. ಹಿಂದಿನ ರಾತ್ರಿ ಅವಳು ಅದನ್ನು ತಬ್ಬಿಕೊಂಡು ಮಲಗಿದ್ದಳೆಂದು ನನಗೆ ಹೊಳೆದದ್ದು ಅಂಗಿಯನ್ನು ಹಿಂಡುವಾಗ. ಖಾಲಿ ಡಬ್ಬಿ ಮಂಚದ ಕೆಳಗೆ ಬಾಯಿ ತೆರೆದುಕೊಂಡು ಬಿದ್ದಿತ್ತು.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಇಸ್ತ್ರಿ ಒತ್ತಿ ಅಂಗಿ ಒಣಗಿಸಿದೆ. ಭಾವ ಗಡ್ಡ ತೆಗೆದ ಮೇಲೆ ಹಚ್ಚಿಕೊಳ್ಳುತ್ತಿದ್ದ ಲೋಷನ್ನು ಮೂಲೆಯಂಗಡಿಯಿಂದ ತಂದೆ. ಅವರು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವರು. ಅವರ ಪೆಟ್ಟಿಗೆಯಲ್ಲಿ ಎಣ್ಣೆಯ ಬುಡ್ಡಿ ಇನ್ನೂ ಇತ್ತು. ಎರಡನ್ನೂ ಬೆರಳಿನಿಂದ ಕಾಲರಿಗೆ ತಿಕ್ಕಿ, ಅಂಗಿಯನ್ನು ಮುದುರಿ ಡಬ್ಬಿಗೆ ತುರುಕಿದೆ. ಅಕ್ಕ ಮೂಸಿದಳು, ಕಣ್ಣು ಮುಚ್ಚಿದಳು, ಎಂದಿನಂತೆ ಮುಚ್ಚಳ ಹಾಕಿದಳು. ಮಗಳಿಗೆ ಮೂಸಿಸಲು ಶುರು ಮಾಡಿದ್ದು ಅದಾದ ಮುಂದಿನ ತಿಂಗಳು.

ಕೆಳಗಿನ ಕೋಣೆಗಳಲ್ಲಿ ಅಕ್ಕ ಹುಮ್ಮಸ್ಸಿನಿಂದ ಓಡಾಡಿದಳು. ಗಂಟೆಯಾಕಾರದ ಗಾಜಿನ ಮುಚ್ಚಳಗಳ ಬುಡದಲ್ಲಿ ಚೆಂಡಿನಂಥ ರಬ್ಬರ್ ಗುಂಡಿ ಇತ್ತು. ಒತ್ತಿದರೆ ಒಂದೊಂದು ಪರಿಮಳ ಹೊರಬರುತ್ತಿತ್ತು. ಪುನುಗು ಬೆಕ್ಕಿನ ಚಿತ್ರದ ಮುಂದೆ ನಿಂತು, "ಇದರ ಬಾಲದ ಕೆಳಗಿಂದು ತೆಗೆದು ರಾಣಿಯರು ಕುತ್ತಿಗೆಗೆ ಹಚ್ಕೊಳ್ತಿದ್ರಾ? ನಮ್ಮ ಲಾಂಡ್ರಿಗೆ ಬಂದಿದ್ರೆ ಬೇಕಾದಷ್ಟು ಸಿಗ್ತಿತ್ತು!" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

"ಯಾಕೋ, ಹರಳೆಣ್ಣೆ ಕುಡಿದೋನ ಥರ ಮುಖ ಮಾಡ್ಕೊಂಡಿದ್ದೀಯಾ?"

"ತಲೆ ಸುತ್ತುತ್ತೆ ಅಕ್ಕ. ಮನೆಗೆ ಹೋಗೋಣ್ವಾ?"

"ಬಂದ ಕೆಲಸ ಬಿಟ್ಟು? ನಡಿ ನಡಿ."

ಮೇಲಿನ ಮಹಡಿಯಲ್ಲಿ ಉದ್ದನೆಯ ಮೇಜಿನ ಹಿಂದೆ ಬಿಳಿ ಕೋಟಿನ ಮುದುಕರೊಬ್ಬರು ಕುಳಿತಿದ್ದರು. ಸುತ್ತಲೂ ಚಿಕ್ಕ ಸೀಸೆಗಳು, ಕಾಗದದ ತೆಳು ಪಟ್ಟಿಗಳು. ಅಕ್ಕ ನನ್ನ ಕಿವಿಯಲ್ಲಿ, "ಇವರೇ ಮೂಗಿನ ಮೇಷ್ಟ್ರು" ಎಂದಳು. ನಮ್ಮ ಹಿಂದೆ ಏಳೆಂಟು ಜನ ಸಾಲು ನಿಂತಿದ್ದರು.

ಮೇಷ್ಟ್ರು ಅಂಗಿಯನ್ನು ಮಗುವನ್ನು ಎತ್ತಿಕೊಳ್ಳುವಷ್ಟು ಜೋಪಾನವಾಗಿ ಎತ್ತಿಕೊಂಡರು. ಕಣ್ಣು ಮುಚ್ಚಿ ಮೂಸಿದರು.

"ಕ್ಷೌರದ ಲೋಷನ್. ಯಂತ್ರದ ಎಣ್ಣೆ. ಡಬ್ಬಿಯ ತಗಡು." ಮತ್ತೆ ಮೂಸಿದರು. ಕಂಕುಳ ಭಾಗ ಮೂಸಿದರು, ಹುಬ್ಬು ಗಂಟಿಕ್ಕಿದರು. "ಒಗೆಯೋ ಪುಡಿ. ಇದನ್ನ ಒಗೆದಿದ್ದೀರಾ ತಾಯಿ?"

"ಇಲ್ಲಪ್ಪ! ನಾಲ್ಕು ವರ್ಷದಿಂದ ನೀರೇ ಮುಟ್ಟಿಸಿಲ್ಲ."

"ತೊಟ್ಟ ಅಂಗಿಯಲ್ಲಿ ಮನುಷ್ಯನ ಮೈ ಎಲ್ಲಾದ್ರೂ ಒಂದಿಷ್ಟು ಉಳಿದಿರುತ್ತೆ. ಇದರಲ್ಲಿಲ್ಲ. ಇನ್ನೊಂದು, ಎಣ್ಣೆ ಕೆಲಸದವರಿಗೆ ತೋಳಿನ ತುದಿಗೆ ಎಣ್ಣೆ ಹತ್ತುತ್ತೆ. ಇಲ್ಲಿ ಕಾಲರ್ ಒಳಗಿದೆ."

ಅಕ್ಕನ ದನಿ ಏರಿತು. "ಸ್ವಾಮಿ, ನಾನು ಹನ್ನೆರಡು ವರ್ಷದಿಂದ ಬಟ್ಟೆ ಒಗೆಯೋ ಕೆಲಸ ಮಾಡ್ತಿದ್ದೀನಿ. ಒಗೆದದ್ದು ಯಾವ್ದು, ಒಗೀದೆ ಇದ್ದದ್ದು ಯಾವ್ದು ಅಂತ ನನಗೆ ಗೊತ್ತಾಗಲ್ವಾ? ನನ್ನ ಗಂಡನ ವಾಸನೆ ನನಗೆ ಹೇಳಿಕೊಡ್ತೀರಾ?"

ಸಾಲಿನಲ್ಲಿದ್ದ ಒಬ್ಬ, "ಮೂಗಿಗೆ ನೆಗಡಿ ಇರ್ಬೇಕು ಅಜ್ಜಂಗೆ" ಎಂದ. ನಾಲ್ಕು ಜನ ನಕ್ಕರು.

ಮೇಷ್ಟ್ರು ತಲೆ ತಗ್ಗಿಸಿದರು. ಅವರ ಕಿವಿ ಕೆಂಪಾಯಿತು. "ಇರಬಹುದು ತಾಯಿ. ವಯಸ್ಸಾಯ್ತು. ಈಚೆಗೆ ಒಂದೆರಡು ಸಲ ತಪ್ಪಿದ್ದೀನಿ" ಎಂದು ಸೀಸೆಗಳ ಕಡೆ ಕೈ ಚಾಚಿದರು.

ಆ ಗಳಿಗೆಯಲ್ಲಿ ನನಗೆ ಆದದ್ದೇನೆಂದು ಬರೆಯಲು ನಾಚಿಕೆಯಾಗುತ್ತದೆ. ನನಗೆ ಸಮಾಧಾನವಾಯಿತು. ಬಚಾವಾದೆ ಅಂದುಕೊಂಡೆ. ಮುದುಕರೊಬ್ಬರು ತಮ್ಮ ಜೀವಮಾನದ ವಿದ್ಯೆಯನ್ನೇ ಅನುಮಾನಿಸುತ್ತ ಕುಳಿತಿದ್ದರೆ, ನಾನು ಒಳಗೊಳಗೇ ನಿಟ್ಟುಸಿರು ಬಿಡುತ್ತಿದ್ದೆ. ಅವರು ಇನ್ನೊಂದು ಸೀಸೆಯ ಬಿರಟೆ ತೆಗೆದು, ಮೂಸಿ, ನಂಬಿಕೆ ಸಾಲದೆ ಮತ್ತೆ ಮೂಸಿದರು. ಅದನ್ನು ನನ್ನಿಂದ ನೋಡಲಾಗಲಿಲ್ಲ.

"ಅವರು ಹೇಳಿದ್ದು ಸರಿ ಅಕ್ಕ. ನಾನು ಒಗೆದೆ."

ಅಕ್ಕ ನನ್ನ ಕಡೆ ತಿರುಗಿದಳು. ಅವಳ ತುಟಿಯ ಮೇಲೆ ಇನ್ನೂ ಜಗಳದ ಮಾತು ಇತ್ತು.

"ಏನಂದೆ?"

"ಗೊತ್ತಿಲ್ದೆ ಒಗೆದೆ. ಆಮೇಲೆ ಲೋಷನ್ನು, ಎಣ್ಣೆ ನಾನೇ ಹಚ್ಚಿದೆ. ಎರಡು ವರ್ಷ ಆಯ್ತು."

ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು. ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಅಂಗಿಯನ್ನು ಎತ್ತಿ, ಎಲ್ಲರೆದುರು, ಮೊದಲ ಸಲ ನೋಡುತ್ತಿರುವಂತೆ ಕಾಲರ್ ಮೂಸಿದಳು. ತುಂಬ ಹೊತ್ತು. ಆಸ್ಪತ್ರೆಯ ಹೊದಿಕೆ ಒಗೆದು ಬಂದದ್ದನ್ನು ಪರೀಕ್ಷೆ ಮಾಡುವವಳ ಹಾಗೆ.

"ನನಗೇ ತಿಳೀಲಿಲ್ವಲ್ಲ" ಎಂದಳು. ನನ್ನನ್ನಲ್ಲ, ಮೇಷ್ಟ್ರನ್ನು ನೋಡಿ. "ಕ್ಷಮಿಸಿ ಸ್ವಾಮಿ. ನಿಮ್ಮ ಮೂಗು ಸರಿಯಾಗೇ ಇದೆ. ಕೆಟ್ಟಿರೋದು ನಮ್ಮನೇಲಿ."

ಮೇಷ್ಟ್ರು ಮೆಲ್ಲಗೆ, "ಬಿಡಿ ತಾಯಿ. ಹಾಗಾದ್ರೆ ಸೀಸೆ ಬೇಡ ಅಲ್ವಾ? ಇಲ್ಲ, ಬೇಕಿದ್ರೆ ಮೈವಾಸನೆ ಥರದ್ದು ಒಂದು ಹನಿ ಸೇರಿಸಿ..." ಎಂದರು.

ಅಕ್ಕ ಯೋಚಿಸಿದಳು. "ಏನೂ ಸೇರಿಸ್ಬೇಡಿ. ಇರೋದು ಇದ್ದ ಹಾಗೇ ಮಾಡಿ. ನನ್ನ ಮಗಳಿಗೆ ಅಪ್ಪ ಅಂದ್ರೆ ಇದೇ."

ಬಸ್ ನಿಲ್ದಾಣದಲ್ಲಿ ನಾನು, "ಪಟಾಕಿಗೆ ನಾನೇ ಹೇಳ್ತೀನಿ ಅಕ್ಕ, ನಿಜ ಹೇಳಿಬಿಡ್ತೀನಿ" ಎಂದೆ.

"ಬಾಯಿ ಮುಚ್ಕೊಂಡಿರು. ಹೇಳಿ ಹಗುರ ಆಗೋನು ನೀನು, ಹೊರೋಳು ಅವಳು." ಡಬ್ಬಿಯನ್ನು ನನ್ನ ಕೈಗೆ ತುರುಕಿದಳು. "ಅಂಗಿ ನೀನೇ ಹಾಕ್ಕೋ. ಒಗೆದದ್ದೇ ತಾನೇ."

ಬಸ್ಸಿನಲ್ಲಿ ನನ್ನ ಪಕ್ಕ ಸೀಟು ಖಾಲಿಯಿತ್ತು. ಅವಳು ನಿಂತೇ ಬಂದಳು.

ಪಕ್ಕದ ಮನೆಯಲ್ಲಿ ಬಿಟ್ಟಿದ್ದ ಪಟಾಕಿ ನಮ್ಮ ಹೆಜ್ಜೆ ಸಪ್ಪಳ ಕೇಳಿ ಓಡಿಬಂದಳು. ಅಕ್ಕ ಕೊಟ್ಟ ಸೀಸೆ ಅವಳ ಹೆಬ್ಬೆರಳಿಗಿಂತ ದೊಡ್ಡದಿರಲಿಲ್ಲ. ಬಿರಟೆ ತೆಗೆದು ಮೂಸಿದ್ದೇ ಕುಣಿದಾಡಿದಳು. ಇನ್ನು ಭಾನುವಾರಕ್ಕೆ ಕಾಯಬೇಕಿಲ್ಲವಲ್ಲ.

"ಮಾವ, ನೀನೂ ಮೂಸು! ಯಾರು ಹೇಳು?"

ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವ ಸದ್ದು ನಿಂತಿತು. ನಾನು ಮಂಡಿಯೂರಿ, ನಾನು ಬೆರಳಿನಿಂದ ತಿಕ್ಕಿದ್ದ ವಾಸನೆಯನ್ನು ಮಗುವಿನ ಕೈಯಿಂದ ಮೂಸಿದೆ.

"ನಿಮ್ಮಪ್ಪ" ಎಂದೆ.

"ಮತ್ತೆ ಯಾಕೆ ಅಳ್ತೀಯ? ಮಾವಂಗೆ ನಾಚ್ಕೆನೇ ಇಲ್ಲ!" ಎಂದು ಅವಳು ನಕ್ಕಳು.