ಬಳ್ಳಿಯ ನೀರಡಿಕೆ

ಕಾಂಚನ ಬೆಳಿಗ್ಗೆ ಏಳಕ್ಕೇ ಕಾಗವಾಡದ ದ್ರಾಕ್ಷಿ ತೋಟಕ್ಕೆ ಬಂದಿದ್ದಳು. ಸಂಶೋಧನಾ ಕೇಂದ್ರದವರು ಕೊಟ್ಟ ಸೆನ್ಸರ್ ಬಟ್ಟೆಗೆ ಹಾಕುವ ಕ್ಲಿಪ್ಪಿನಂತಿತ್ತು. ಬಳ್ಳಿಯನ್ನು ಚುಚ್ಚದೆ, ಕೊರೆಯದೆ ಸುಮ್ಮನೆ ಕಚ್ಚಿಸಿದರೆ ಒಳಗೆ ನೀರು ಎಷ್ಟು ಏರುತ್ತಿದೆ ಎಂದು ತೋರಿಸುತ್ತಿತ್ತು. ಗಂಟೆಗೊಮ್ಮೆ ಇಪ್ಪತ್ತು ಬಳ್ಳಿಗಳ ಅಂಕಿ ಬರೆದುಕೊಳ್ಳಬೇಕು. ಒಂದು ಅಂಕಿ ಬಿಟ್ಟರೂ ಸಂಜೆ ಕೇಂದ್ರದ ಸಾಹೇಬರ ಫೋನು. ಮೂರು ತಿಂಗಳಲ್ಲಿ ಒಮ್ಮೆಯಾದರೂ ಆ ಫೋನು ಅವಳನ್ನು ಉಂಡೆಯಾ ಎಂದು ಕೇಳಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಅಂಕಿಗಳು ತೀರ ಕೆಳಗಿಳಿದವು. ತೋಟದ ಯಜಮಾನಿ ಅಕ್ಕವ್ವ ನೀರಿನ ತಂಬಿಗೆ ಹಿಡಿದು ಬಂದು ಇಣುಕಿದಳು.

"ನೀರ ಏರೂದು ನಿಂತೈತಿ ಅಂದ್ರ ಬಳ್ಳಿಗೆ ನೀರಡಿಕಿ ಇಲ್ಲೇನವಾ?"

"ಐತ್ರಿ ಆಯಿ. ಈ ಬಿಸಲಿಗೆ ಎಲಿ ಬಾಯಿ ಮುಚ್ಚಿ ತಡಕೊಂಡೈತಿ."

ಅಕ್ಕವ್ವ ತಂಬಿಗೆ ಚಾಚಿದಳು. ಕಾಂಚನ ಒಣಗಿದ ತುಟಿ ಸವರಿಕೊಂಡು, "ಬ್ಯಾಡ್ರಿ, ನನಗ ನೀರಡಿಕಿ ಇಲ್ಲ" ಎಂದಳು. ಕುಡಿದರೆ ಮೂತ್ರಕ್ಕೆ ಹೋಗಬೇಕು. ಮರೆ ಎಂದರೆ ಬದುವಿನಾಚೆಯ ಕಬ್ಬೊಂದೇ. ಅದರ ದಾರಿಯಲ್ಲೇ ಗಂಡಾಳುಗಳು ಬುತ್ತಿ ಬಿಚ್ಚಿ ಕೂತಿದ್ದರು.

ಅಕ್ಕವ್ವ ಅವಳ ಮುಖವನ್ನೇ ನೋಡಿದಳು. ಆಮೇಲೆ ಗಂಡಾಳುಗಳತ್ತ ನೋಡಿದಳು.

"ಮೂವತ್ತ ವರ್ಷ ನಾನೂ ಇದ ಸುಳ್ಳ ಹೇಳೀನಿ. ಕುಡಿ."

ತಂಬಿಗೆಯನ್ನು ಅವಳ ಕೈಗಿಟ್ಟು, ಸೆರಗು ಸಿಕ್ಕಿಸಿಕೊಂಡು ಬದುವಿನ ಕಡೆ ಹೊರಟಳು.

"ಲೇ, ಏಳ್ರಿ ಅಲ್ಲಿಂದ! ಉಣ್ಣಾಕ ಬ್ಯಾರೆ ನೆಳ್ಳ ಸಿಗಲಿಲ್ಲೇನ ನಿಮಗ?"